ಚವತಿಯ ತಾಸು, ಆಷಾಢದ ತಾಸು

ನಮ್ಮ ಅಡುಗೆಮನೆಯ ಗೂಡಿನಲ್ಲಿ, ಚಹಾಪುಡಿ ಡಬ್ಬಿಯ ಪಕ್ಕ, ಇನ್ನೂರು ಪುಟದ ಒಂದು ಪಟ್ಟಿ, ಅಂದರೆ ನೋಟ್‌ಬುಕ್ಕು, ಇದೆ. ಮಗ ಏಳನೇ ಇಯತ್ತೆಯಲ್ಲಿದ್ದಾಗ ವಿಜ್ಞಾನಕ್ಕೆಂದು ಇಟ್ಟುಕೊಂಡಿದ್ದು, ಅರ್ಧ ಬರೆದು ಬಿಟ್ಟಿದ್ದ. ಉಳಿದರ್ಧದಲ್ಲಿ 2020ರಿಂದ ನಾನು ಒಂದು ಲೆಕ್ಕ ಬರೆಯುತ್ತ ಬಂದಿದ್ದೇನೆ. ‘ಅರ್ಥಿಂಗ್ ಸರಿ ಮಾಡಿದ್ದು, ಎರಡೂವರೆ ತಾಸು.’ ‘ಮಗನಿಗೆ ಬೀಜಗಣಿತ, ನಾಲ್ಕು ದಿನ.’ ‘ಐಟಿ ರಿಟರ್ನ್, ನಾನು, ಒಂದು ಸಂಜೆ.’ ‘ಆಸ್ಪತ್ರೆಯಲ್ಲಿ ರಾತ್ರಿ, ಎರಡು.’ ಹೀಗೆ ಸಾಲು ಸಾಲು. ರೂಪಾಯಿಯ ಗುರುತು ಎಲ್ಲಿಯೂ ಇಲ್ಲ.

ನನ್ನ ಹೊಟ್ಟೆಪಾಡೂ ಲೆಕ್ಕ ಬರೆಯುವುದೇ. ಕುಮಟಾ ಪೇಟೆಯ ಏಳೆಂಟು ಅಂಗಡಿಗಳ ಜಮಾ–ಖರ್ಚು, ಟ್ಯಾಲಿ, ಜಿಎಸ್‌ಟಿ. ರಿಟರ್ನ್ ಸಲ್ಲಿಸುವ ತಿಂಗಳ 11ನೇ ತಾರೀಖು ಮತ್ತು 20ನೇ ತಾರೀಖು ಹತ್ತಿರ ಬಂದರೆ ನನ್ನ ಮುಖ ನೋಡಿಯೇ ಮನೆಯವರು ಚಹಾ ಮಾಡಿ ತಂದಿಟ್ಟು ಹೋಗುತ್ತಾರೆ. ಆದರೆ ಈ ಪಟ್ಟಿಯ ಲೆಕ್ಕ ಆ ಜಾತಿಯದಲ್ಲ. ಅಂಗಡಿಯ ಲೆಕ್ಕದಲ್ಲಿ ಎರಡು ಬದಿ ಸಮ ಬಂದರೆ ಆ ದಿನ ನಿದ್ದೆ ಬರುತ್ತದೆ. ಇಲ್ಲಿ ಸಮ ಬಂದ ದಿನ ನನಗೆ ಸ್ವಲ್ಪ ಹೆದರಿಕೆಯಾಗುತ್ತದೆ. ಯಾಕೆ ಎಂದು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು.

2020ರ ಲಾಕ್‌ಡೌನಿನಲ್ಲಿ ಅಂಗಡಿಗಳು ಮುಚ್ಚಿದಾಗ ನನ್ನ ಸಂಪಾದನೆ ಅರ್ಧಕ್ಕೆ ಇಳಿಯಿತು. ನನ್ನ ಗೆಳತಿಯೊಬ್ಬಳು ಹೊಲಿಗೆಯವಳು, ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ಅವಳದೊಂದು ಸಣ್ಣ ಅಂಗಡಿ. ಎಪ್ರಿಲ್–ಮೇ ಅಂದರೆ ಮದುವೆಯ ಕಾಲ, ಅವಳ ವರ್ಷದ ಗಳಿಕೆಯ ದೊಡ್ಡ ಪಾಲು. ಅದು ಪೂರ್ತಿ ಹೋಯಿತು. ಹೊಸ ಮಷಿನ್ನಿಗೆ ಮಾಡಿದ ಸಾಲ ಮಾತ್ರ ಹೋಗಲಿಲ್ಲ. ಕಂತು ಈಗ ಕಟ್ಟದಿದ್ದರೂ ನಡೆಯುತ್ತದೆ, ಆಗಸ್ಟ್‌ವರೆಗೆ ಮುಂದೂಡಬಹುದು ಎಂದು ಬ್ಯಾಂಕಿನಿಂದ ಮೆಸೇಜು ಬಂದಿತ್ತು. ಅದನ್ನು ಹಿಡಿದುಕೊಂಡು ನಮ್ಮನೆ ಅಂಗಳಕ್ಕೆ ಬಂದು, ದೂರ ನಿಂತು, ಮಾಸ್ಕಿನೊಳಗಿಂದಲೇ ಕೇಳಿದಳು: “ಇದಕ್ಕೆ ಹೂಂ ಅನ್ನಲಾ, ಬೇಡ ಅನ್ನಲಾ?”

ಕೂತು ಲೆಕ್ಕ ಹಾಕಿದೆ. ಕಂತು ನಿಲ್ಲುತ್ತದೆಯೇ ವಿನಾ ಬಡ್ಡಿ ನಿಲ್ಲುವುದಿಲ್ಲ. ಆ ಬಡ್ಡಿ ಅಸಲಿಗೆ ಸೇರಿಕೊಂಡು ಕೊನೆಗೆ ಕಂತುಗಳೇ ಹೆಚ್ಚುತ್ತವೆ. ಕೈಲಾದಷ್ಟು ಕಟ್ಟುತ್ತ ಹೋಗು, ಪೂರ್ತಿ ಬಿಡಬೇಡ ಎಂದು ಹೇಳಿ, ತಿಂಗಳು ತಿಂಗಳಿಗೆ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. “ನಿನಗೆ ಎಷ್ಟು ಕೊಡಬೇಕೇ?” ಅಂದಳು. ನಾನು ಒಳಗೆ ಹೋಗಿ ಮಗನ ಎರಡು ಪ್ಯಾಂಟು ತಂದು ಅಂಗಳದ ಕಟ್ಟೆಯ ಮೇಲೆ ಇಟ್ಟೆ. ಹುಡುಗ ಆ ವರ್ಷ ಕಾಲು ಬೆಳೆಸಿಕೊಂಡಿದ್ದ. ಮಡಿಕೆ ಬಿಚ್ಚಿ ಉದ್ದ ಮಾಡಬೇಕಿತ್ತು. ಪಟ್ಟಿಯ ಮೊದಲ ಸಾಲು ಅದು.

ಕೆಲಸಕ್ಕೆ ಕೆಲಸ ಬದಲು ಮಾಡುವ ನಮ್ಮ ಬಳಗ ಬೆಳೆದದ್ದು ಹೀಗೇ, ಯಾರೂ ಕೂತು ಯೋಜನೆ ಮಾಡಲಿಲ್ಲ. ನಮ್ಮ ಕೇರಿಯ ವೈರಮನ್ ಹುಡುಗನಿಗೆ ಸಾಲಕ್ಕಾಗಿ ಮೂರು ವರ್ಷದ ರಿಟರ್ನ್ ಬೇಕಾಯಿತು. ಅವನ ಬಿಲ್ಲುಗಳೆಲ್ಲ ಸ್ಕೂಟರಿನ ಡಿಕ್ಕಿಯಲ್ಲಿ ಸ್ಕ್ರೂ, ಟೇಪಿನ ಜೊತೆ ಇದ್ದವು. ಹಿಂದಿನ ಮನೆಯ ಅಕ್ಕೋರು ಶಾಲೆಯಿಂದ ನಿವೃತ್ತರಾದವರು. ಗಣಿತ ಹೇಳಿಕೊಡುವುದರಲ್ಲಿ ಈ ಊರಿನಲ್ಲಿ ಅವರಿಗೆ ಅವರೇ ಸಾಟಿ. ಆದರೆ ಮೊಬೈಲಿನಲ್ಲಿ ಹೆಸ್ಕಾಂ ಬಿಲ್ಲು ಕಟ್ಟುವುದೆಂದರೆ ಕೈ ನಡುಗುತ್ತಿತ್ತು, ಪಿಂಚಣಿಯ ಕಾಗದಪತ್ರವಂತೂ ಅವರ ಪಾಲಿಗೆ ಕಾಡು. ನಮ್ಮವರ ಗೆಳೆಯ ಒಬ್ಬ ತದಡಿ ಬಂದರಿನಿಂದ ಟ್ರಾಲ್ ಬೋಟಿನಲ್ಲಿ ಹೋಗುವವ. ಅವನ ಮಗಳ ವಿದ್ಯಾರ್ಥಿವೇತನದ ಅರ್ಜಿ, ಜಾತಿ–ಆದಾಯ ಪ್ರಮಾಣಪತ್ರ ನನ್ನ ಪಾಲಿಗೆ ಬಂದವು. ನಮ್ಮ ಮನೆಯ ಹೆಂಚು, ಗಟಾರ, ಬಾವಿಯ ಪಂಪು ಅವನ ಪಾಲಿಗೆ ಹೋದವು. ಅವನು ನನ್ನನ್ನು ಅತ್ತಿಗೆ ಎನ್ನುತ್ತಾನೆ, ವೈರಮನ್ ಅಕ್ಕ ಎನ್ನುತ್ತಾನೆ, ಅಕ್ಕೋರು ಮಾತ್ರ ಇಂದಿಗೂ “ತಂಗೀ, ಪುರುಸೊತ್ತು ಉಂಟಾ?” ಎಂದೇ ಮಾತು ತೆಗೆಯುವುದು.

ಒಂದು ಕಟ್ಟಳೆ ಮೊದಲ ವರ್ಷವೇ ಮಾಡಿಕೊಂಡೆವು: ಸಾಮಾನಿಗೆ ನಗದು, ಕೈಕೆಲಸಕ್ಕೆ ಮಾತ್ರ ಮುಯ್ಯಿ. ವೈರು, ಎಂಸಿಬಿ, ಲೈನಿಂಗ್ ಬಟ್ಟೆ, ದಾರ ಇವಕ್ಕೆಲ್ಲ ಬಿಲ್ಲು ನೋಡಿ ಅಲ್ಲೇ ದುಡ್ಡು. ಅಂಗಡಿಯವನಿಗೆ ಕೆಲಸ ಮಾಡುವವನೂ ನಗದು ಕೊಟ್ಟೇ ತಂದಿರುತ್ತಾನಲ್ಲ, ಅವನ ಕಿಸೆಗೆ ಯಾಕೆ ಕತ್ತರಿ? ಈ ಕಟ್ಟಳೆಯಿಂದ ಎಷ್ಟು ಜಗಳ ತಪ್ಪಿತೋ ಲೆಕ್ಕವಿಲ್ಲ.

ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆ ಹೋದರೆ ನನ್ನ ತವರು. ಇಪ್ಪತ್ತು ಗುಂಟೆ ಅಡಿಕೆ ತೋಟ, ಅದಕ್ಕೆ ಹೊಂದಿ ತೋಟಕ್ಕೆ ಸೊಪ್ಪು ತರುವ ಕಾಡು, ಸೊಪ್ಪಿನ ಬೆಟ್ಟ. ಅಲ್ಲಿ ಮುಯ್ಯಾಳು ಎಂಬುದು ನನಗೆ ಯಾರೂ ಕಲಿಸಿದ ವಿಷಯವಲ್ಲ. ಊಟಕ್ಕೆ ಎಷ್ಟು ಬಾಳೆ ಹಾಕಬೇಕು ಎಂಬುದರಿಂದಲೇ ಗೊತ್ತಾಗುತ್ತಿತ್ತು. ಕೆಲವರು ಅದನ್ನು ಮುರಿಯಾಳು ಎಂದೂ ಹೇಳುತ್ತಾರೆ. ಇವತ್ತು ನಿಮ್ಮ ಮನೆಯವರು ನಮ್ಮ ತೋಟಕ್ಕೆ, ನಾಳೆ ನಮ್ಮವರು ನಿಮ್ಮ ತೋಟಕ್ಕೆ. ಅಡಿಕೆ ಕೊನೆ ಕೊಯ್ಲಿನ ಕಾಲದಲ್ಲಿ ಅದು ಎದ್ದು ಕಾಣುತ್ತಿತ್ತು. ಕೆಂಪಡಿಕೆ ಮಾಡುವವರಿಗೆ ಹಸಿ ಅಡಿಕೆ ಕಾಯುವುದಿಲ್ಲ. ಕೊಯ್ದ ಮೇಲೆ ಬೇಗ ಸುಲಿದು, ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿನಲ್ಲಿ, ಬೇಯಿಸಿ, ಅಟ್ಟದ ಮೇಲೆ ಒಣಗಿಸಬೇಕು. ತಡ ಮಾಡಿದರೆ ಬಣ್ಣ ಕೆಟ್ಟು ದರ ಬೀಳುತ್ತದೆ. ಒಂದು ಮನೆಯ ನಾಲ್ಕು ಕೈಯಿಂದ ಅಷ್ಟು ಬೇಗ ಆಗುವ ಕೆಲಸವಲ್ಲ ಅದು. ಅದಕ್ಕೇ ರಾತ್ರಿ ಊಟವಾದ ಮೇಲೆ ಅಕ್ಕಪಕ್ಕದವರು ತಮ್ಮ ತಮ್ಮ ಮೆಟ್ಟುಗತ್ತಿ ಹೆಗಲ ಮೇಲಿಟ್ಟುಕೊಂಡು ಬರುತ್ತಿದ್ದರು. ಅಂಗಳದ ಚಪ್ಪರದ ಕೆಳಗೆ ಒಂದೇ ಬಲ್ಬು, ನಡುವೆ ಅಡಿಕೆಯ ರಾಶಿ, ಸುತ್ತ ಹತ್ತು ಹನ್ನೆರಡು ಮಂದಿ. ಕತ್ತಿಯ ಅಲಗಿಗೆ ಅಡಿಕೆ ಒತ್ತಿ ಒಂದು ತಿರುವು ತಿರುವಿದರೆ ಸಿಪ್ಪೆ ಹಿಂದೆ, ಬೇಳೆ ಮುಂದೆ. ಬಾಯಿ ಮಾತ್ರ ಬಿಡುವಾಗಿಯೇ ಇರುತ್ತಿತ್ತು: ಹಿಂದಿನ ವಾರ ನೋಡಿದ ಯಕ್ಷಗಾನದ ಭಾಗವತರ ಪದ, ಶಿರಸಿ ಪೇಟೆಯ ಅಡಿಕೆ ದರ, ಯಾರ ಮನೆಯ ಹೆಣ್ಣಿಗೆ ಎಲ್ಲಿಂದ ಪ್ರಸ್ತಾಪ. ಹನ್ನೊಂದು ಗಂಟೆಗೆ ಕಷಾಯ. ಹೊರಡುವಾಗ ಅಪ್ಪ ಯಾರನ್ನಾದರೂ ಕೇಳುತ್ತಿದ್ದ, “ನಿಂಗಳ ಮನೆದು ಯಾವಾಗ?” ಅಷ್ಟೇ ಒಪ್ಪಂದ.

ಆ ಪ್ರಶ್ನೆಯಲ್ಲಿ ‘ಯಾವಾಗ’ ಎಂಬುದೇ ಮುಖ್ಯ ಎಂದು ತಿಳಿಯಲು ನನಗೆ ನಲವತ್ತು ವರ್ಷ ಬೇಕಾಯಿತು. ಎಲ್ಲರ ಮನೆಯ ಕೊನೆಯೂ ಒಂದೇ ದಿನ ಹಣ್ಣಾಗುವುದಿಲ್ಲ. ತಗ್ಗಿನ ತೋಟ ಒಂದು ವಾರ ಹಿಂದೆ, ಬಿಸಿಲು ಬೀಳುವ ತೋಟ ಒಂದು ವಾರ ಮುಂದೆ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನೂ ಒಂದು ಊರಿಗೆ ಒಬ್ಬನೋ ಇಬ್ಬರೋ, ಸರದಿಯ ಮೇಲೆ ಬರುವವ. ನನ್ನ ಕೈ ಖಾಲಿ ಇದ್ದಾಗ ನಿನಗೆ ಕೈ ಬೇಕು, ನಿನ್ನ ಕೈ ಖಾಲಿ ಇದ್ದಾಗ ನನಗೆ. ಮುಯ್ಯಾಳು ನಡೆದದ್ದು ಈ ಅಂತರದ ಮೇಲೆ.

ನಮ್ಮ ಕುಮಟಾದ ಬಳಗದಲ್ಲೂ ಹಾಗೇ ಎಂದು ಒಂದು ದಿನ ಪಟ್ಟಿ ಮಗುಚುವಾಗ ಕಂಡಿತು. ಬೋಟಿನವನಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಒರಟು. ಅವನು ಆಗ ಬಲೆ ತೇಪೆ ಹಾಕುತ್ತ ದಡದಲ್ಲಿರುತ್ತಾನೆ. ಸರಿಯಾಗಿ ಆಗಲೇ ನಮ್ಮ ಮನೆ ಸೋರುವುದು, ಪಂಪು ಕೈ ಕೊಡುವುದು. ವೈರಮನ್ನಿಗೆ ಮೇ ತಿಂಗಳ ಮೊದಲ ಗುಡುಗಿನಿಂದ ಉಸಿರಾಡಲು ಬಿಡುವಿಲ್ಲ, ಮಳೆ ಹಿಡಿದು ಕೂತ ಮೇಲೆ ಹೊಸ ಮನೆ ಕೆಲಸ ನಿಂತು ಬಿಡುವು. ಅಕ್ಕೋರಿಗೆ ಮಕ್ಕಳ ಪರೀಕ್ಷೆ ಮುಗಿದ ಎಪ್ರಿಲ್ ಖಾಲಿ, ನನಗೆ ಆ ತಿಂಗಳು ವರ್ಷದ ಲೆಕ್ಕ ಮುಚ್ಚುವ ಗಡಿಬಿಡಿ. ಹೊಲಿಗೆಯವಳಿಗೆ ಆಷಾಢದಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಮಷಿನ್ನಿನ ಮೇಲೆ ಬಟ್ಟೆ ಹೊದಿಸಿ ಇಡುತ್ತಾಳೆ. ಶ್ರಾವಣ ಬಂತೆಂದರೆ ಗಣೇಶ ಚವತಿಯವರೆಗೆ ತಲೆ ಎತ್ತುವಂತಿಲ್ಲ. ಮುಂದೆ ದೀಪಾವಳಿ.

ಇದನ್ನು ನಾನು ಮೊದಲೇ ಕಂಡಿದ್ದರೆ 2022ರ ಚವತಿಯಲ್ಲಿ ಆ ತಪ್ಪು ಆಗುತ್ತಿರಲಿಲ್ಲ.

ಆ ವರ್ಷ ಜುಲೈನಲ್ಲಿ ನಾನು ಅವಳ ಅಂಗಡಿಯ ಎರಡು ವರ್ಷದ ಲೆಕ್ಕ ಒಟ್ಟು ಮಾಡಿ ಕೊಟ್ಟಿದ್ದೆ. ಹದಿನಾಲ್ಕು ತಾಸಿನ ಕೆಲಸ. ಪಟ್ಟಿಯಲ್ಲಿ ನನ್ನ ಕಡೆ ಹದಿನಾಲ್ಕು ತಾಸು ಜಮೆ ಇದ್ದವು. ಆಗಸ್ಟ್ ಕೊನೆಗೆ ಚವತಿ. ಹಬ್ಬಕ್ಕೆ ಹತ್ತು ದಿನ ಇರುವಾಗ ನಾನು ನನ್ನ ಎರಡು, ಅತ್ತೆಯ ಎರಡು, ನಾದಿನಿಯ ಮೂರು ರವಿಕೆಯ ಬಟ್ಟೆ ಒಯ್ದು ಕೊಟ್ಟೆ. ಲೈನಿಂಗ್ ಹಾಕಿ, ಹಬ್ಬಕ್ಕೆ ಬೇಕೇ ಬೇಕು ಅಂದೆ. ಅವಳು ಬಟ್ಟೆಯ ಗಂಟು ನೋಡಿದಳು, ಗೋಡೆಗೆ ನೇತು ಹಾಕಿದ ಚೀಟಿಗಳನ್ನು ನೋಡಿದಳು. “ಆಯ್ತು ಮಾರಾಯ್ತಿ, ಇಟ್ಟು ಹೋಗು” ಅಂದಳು. ಏಳೂ ರವಿಕೆ ಹಬ್ಬದ ಹಿಂದಿನ ಸಂಜೆ ಮನೆಗೆ ಬಂದವು. ಒಂದು ಹೊಲಿಗೆಯೂ ಹೆಚ್ಚುಕಡಿಮೆ ಇಲ್ಲ. ನಾನು ಪಟ್ಟಿಯಲ್ಲಿ ಬರೆದೆ: ಚುಕ್ತಾ.

ಆ ಮೇಲೆ ಅವಳು ಬರುವುದು ನಿಂತಿತು. ಫೋನು ಮಾಡಿದರೆ ಎತ್ತುತ್ತಿದ್ದಳು, ಮಾತು ಸಣ್ಣದಾಗಿರುತ್ತಿತ್ತು. ತಿಂಗಳು ಕಳೆದು ಅವಳ ಮಗಳು ಏನೋ ಝೆರಾಕ್ಸ್ ಮಾಡಿಸಲು ಬಂದವಳು ಹೇಳಿದಳು: ಆ ವಾರ ಅಮ್ಮ ದಿನಾ ರಾತ್ರಿ ಒಂದು ಗಂಟೆಯವರೆಗೆ ಕೂತಿದ್ದಳಂತೆ. ನಮ್ಮ ಏಳು ರವಿಕೆ ಹಿಡಿಸಲು ಹಳೆಯ ಗಿರಾಕಿಯೊಬ್ಬರ ಹಬ್ಬದ ಬಟ್ಟೆ ವಾಪಸು ಕೊಟ್ಟಳಂತೆ. ಆ ಗಿರಾಕಿ ಮತ್ತೆ ಬರಲಿಲ್ಲವಂತೆ.

ಹುಡುಗಿಗೆ ಬೇಸರವಿರಲಿಲ್ಲ, ಸುಮ್ಮನೆ ಹೇಳಿದಳು. ನಾನು ಮಾತ್ರ ಆ ಸಂಜೆ ಪಟ್ಟಿ ತೆಗೆದು ಆ ‘ಚುಕ್ತಾ’ ಎಂಬ ಶಬ್ದವನ್ನು ನೋಡುತ್ತ ಬಹಳ ಹೊತ್ತು ಕೂತಿದ್ದೆ. ನಾನು ಕೊಟ್ಟದ್ದು ಜುಲೈನ, ಮಳೆಯಲ್ಲಿ ಪೇಟೆ ತಣ್ಣಗಿದ್ದಾಗಿನ ಹದಿನಾಲ್ಕು ತಾಸು. ಆ ತಾಸುಗಳನ್ನು ಕೊಡದಿದ್ದರೆ ನಾನು ಟಿವಿ ನೋಡುತ್ತಿದ್ದೆ. ತೆಗೆದುಕೊಂಡದ್ದು ಚವತಿಯ ಹದಿನಾಲ್ಕು ತಾಸು. ಅವು ಅವಳ ವರ್ಷದ ಅನ್ನ. ಪಟ್ಟಿಯಲ್ಲಿ ಎರಡೂ ಕಡೆ 14 ಎಂದೇ ಇದ್ದವು.

ಅಪ್ಪನ ಕಾಲದಲ್ಲಿ ಇಂಥ ತಪ್ಪು ಆಗುತ್ತಿರಲಿಲ್ಲ ಎಂದು ಆಮೇಲೆ ಅನಿಸಿತು. ನಮ್ಮ ಮನೆಯಲ್ಲಿ ಕೊಯ್ಲಿನ ದಿನಕ್ಕೆ ಕೊಯ್ಲಿನ ದಿನವೇ ಮುಯ್ಯಿ. ಸೊಪ್ಪು ತರುವ ದಿನ ಕೊಟ್ಟು ಕೊಯ್ಲಿನ ದಿನ ಕೇಳುವ ಪದ್ಧತಿ ಇರಲಿಲ್ಲ. ಮಳೆಗಾಲಕ್ಕೆ ಮುಂಚೆ ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುವಾಗಲೂ ಅಷ್ಟೆ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮದ್ದು ಕೂಡಿಸಿದ ದಿನವೇ ಹೊಡೆದು ಮುಗಿಸಬೇಕು, ಮಳೆ ಕಾಯುವುದಿಲ್ಲ. ಆ ದಿನಕ್ಕೆ ಆ ದಿನವೇ ಬದಲು. ಅವರಿಗೆ ಲೆಕ್ಕದ ಪಟ್ಟಿ ಇರಲಿಲ್ಲ. ಯಾವ ದಿನ ಎಷ್ಟು ತೂಗುತ್ತದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಆ ದಿನಗಳಲ್ಲಿ ನಾನು ಬೇರೆ ದೇಶಗಳಲ್ಲಿ ಇದನ್ನು ಹೇಗೆ ಮಾಡಿದ್ದಾರೆ ಎಂದು ಹುಡುಕಿ ಓದಿದೆ. ಜಪಾನಿನ ಒಸಾಕಾದಲ್ಲಿ ತೆರುಕೊ ಮಿಝುಶಿಮಾ ಎಂಬ ಗೃಹಿಣಿ 1973ರಲ್ಲಿ ಶ್ರಮದ ಬ್ಯಾಂಕೊಂದನ್ನು ಕಟ್ಟಿದರು. ದುಡ್ಡಿನ ಬದಲು ತಾಸು ಜಮೆ ಮಾಡುವುದು, ಬೇಕಾದಾಗ ತಾಸು ತೆಗೆಯುವುದು. ಮಹಾಯುದ್ಧದ ಕಾಲದಲ್ಲಿ ಅವರು ಹೊಲಿಗೆ ಮಾಡಿಕೊಟ್ಟು ತರಕಾರಿ ತರುತ್ತಿದ್ದರಂತೆ, ಯೋಚನೆಯ ಬೇರು ಅಲ್ಲಿದೆ. ಓದುವಾಗ ನನ್ನ ಗೆಳತಿಯ ಮುಖವೇ ಕಣ್ಣಿಗೆ ಬಂತು. ಕೆನಡಾದಲ್ಲಿ ಮೈಕೆಲ್ ಲಿಂಟನ್ 1983ರಲ್ಲಿ ಊರೊಳಗಿನ ಒಂದು ಕೊಡು–ಕೊಳ್ಳುವ ಲೆಕ್ಕದ ವ್ಯವಸ್ಥೆ ಶುರು ಮಾಡಿದರು. ಅಮೆರಿಕದ ವಕೀಲ ಎಡ್ಗರ್ ಕಾಹ್ನ್ 1980ರಲ್ಲಿ ಹೃದಯಾಘಾತವಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ತಾನಿನ್ನು ಯಾರಿಗೂ ಬೇಡದವನಾದೆನಲ್ಲ ಎಂಬ ಸಂಕಟದಿಂದ ಸಮಯದ ನಾಣ್ಯದ ಯೋಚನೆಗೆ ಬಂದವರು. ಅವರ ಲೆಕ್ಕದಲ್ಲಿ ವಕೀಲನ ಒಂದು ತಾಸೂ ಒಂದೇ, ಮುದುಕಿಗೆ ಪೇಪರು ಓದಿ ಹೇಳುವವರ ಒಂದು ತಾಸೂ ಒಂದೇ.

ಆ ಸಮಾನತೆ ನನಗೆ ತುಂಬ ದೊಡ್ಡದು ಅನಿಸುತ್ತದೆ. ನನ್ನ ಟ್ಯಾಲಿಯ ತಾಸು ಬೋಟಿನವನ ಹೆಂಚಿನ ತಾಸಿಗಿಂತ ಹೆಚ್ಚು ಎಂದು ಹೇಳುವ ಬಾಯಿ ನನಗಿಲ್ಲ. ಜೂನ್ ಮಳೆಯಲ್ಲಿ ಜಾರುವ ಮಾಡಿನ ಮೇಲೆ ಅವನು ಕುಕ್ಕರಗಾಲಲ್ಲಿ ಕೂತದ್ದನ್ನು ಕೆಳಗಿನಿಂದ ನೋಡಿದ್ದೇನೆ. ಆದರೆ ಮನುಷ್ಯ ಮನುಷ್ಯರ ನಡುವೆ ತಾಸು ಸಮ ಎಂದು ಒಪ್ಪಿದ ಮೇಲೂ, ಒಬ್ಬಳದೇ ಎರಡು ತಾಸು ಸಮ ಇರುವುದಿಲ್ಲ. ಆಷಾಢದಲ್ಲಿ ಮಷಿನ್ನಿಗೆ ಬಟ್ಟೆ ಹೊದಿಸಿಟ್ಟವಳ ತಾಸು ಬೇರೆ, ಚವತಿಯ ವಾರದ ತಾಸು ಬೇರೆ. ತೋಟ, ಕಡಲು ನೋಡಿದವರಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ. ನಾನು ಪಟ್ಟಿ ನೋಡುತ್ತಿದ್ದೆ, ತಿಥಿ ನೋಡಲಿಲ್ಲ.

ದೀಪಾವಳಿಗೆ ಹದಿನೈದು ದಿನ ಇರುವಾಗ ಒಂದು ಸಂಜೆ ಅವಳ ಅಂಗಡಿಗೆ ಹೋದೆ. ಕ್ಷಮೆ ಕೇಳುವ ಮಾತು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದೆ. ಅಲ್ಲಿ ಮೂರು ಮಂದಿ ಗಿರಾಕಿಗಳು, ಅವಳ ಬಾಯಲ್ಲಿ ಗುಂಡುಸೂಜಿ. ನಾನು ಏನೂ ಹೇಳದೆ ಚಪ್ಪಲಿ ಬಿಟ್ಟು, ಮೂಲೆಯಲ್ಲಿ ಸ್ಟೂಲು ಎಳೆದುಕೊಂಡು ಕೂತೆ. ಮುಗಿದ ರವಿಕೆಗಳ ರಾಶಿ ಪಕ್ಕದಲ್ಲೇ ಇತ್ತು. ಹುಕ್ಕು ಹಾಕಿರಲಿಲ್ಲ, ಕೈಯಂಚಿಗೆ ಹೆಮ್ಮಿಂಗ್ ಆಗಿರಲಿಲ್ಲ. ಸೂಜಿಗೆ ದಾರ ಪೋಣಿಸಿದೆ. ಗಿರಾಕಿಗಳು ಹೋದ ಮೇಲೆ ಅವಳು ಒಮ್ಮೆ ನೋಡಿದಳು, ಸೂಜಿಗಳನ್ನು ಬಾಯಿಂದ ತೆಗೆದು ಪಿನ್‌ಕುಶನ್ನಿಗೆ ಚುಚ್ಚಿದಳು. “ಹುಕ್ಕು ಹಾಗೆ ಹಾಕಿದ್ರೆ ಎರಡೇ ಸಲಕ್ಕೆ ಕಿತ್ತು ಬರ್ತದೆ” ಅಂದಳು.

ಕೈಗೆ ತೆಗೆದುಕೊಂಡು ತೋರಿಸಿದಳು. ಹುಕ್ಕಿನ ಎರಡು ಕಣ್ಣಿಗೂ ಮೂರು ಮೂರು ಸುತ್ತು, ಆಮೇಲೆ ಕೊಕ್ಕೆಯ ಕುತ್ತಿಗೆಯ ಕೆಳಗೆ ಎರಡು ಸುತ್ತು ಬಿಗಿ. ಅದಿಲ್ಲದಿದ್ದರೆ ಹುಕ್ಕು ತಲೆ ಎತ್ತುತ್ತದೆ. ಒಳಗಿನ ಲೈನಿಂಗ್ ಹಿಡಿಯಬೇಕು, ಸೂಜಿ ಹೊರಗೆ ಕಾಣಬಾರದು. ಎದುರು ಬದಿಗೆ ದಾರದ್ದೇ ಕುಣಿಕೆ: ನಾಲ್ಕು ಎಳೆ ಅಡ್ಡ ಹಾಸಿ, ಅದರ ಮೇಲೆ ಕಾಜಾ ಹೊಲಿಗೆ. ಹುಕ್ಕಿನಿಂದ ಹುಕ್ಕಿಗೆ ಅಂತರ ಒಂದೂಕಾಲು ಇಂಚು, ಎದೆಯ ಹತ್ತಿರ ಸ್ವಲ್ಪ ಕಡಿಮೆ. ಮೊದಲ ರವಿಕೆಗೆ ನನಗೆ ಅರ್ಧ ತಾಸು ಹಿಡಿಯಿತು. ಬೆರಳ ತುದಿಯಲ್ಲಿ ಸೂಜಿಯ ಹಿಂಭಾಗ ಒತ್ತಿ ಒತ್ತಿ ಚರ್ಮ ಗಟ್ಟಿಯಾಯಿತು. ಆರು ದಿನ ಸಂಜೆ ಆರರಿಂದ ಒಂಬತ್ತೂವರೆ. ಮೂರನೇ ದಿನ ಅವಳು ತಾನಾಗಿ ಆ ಚವತಿಯ ವಿಷಯ ತೆಗೆದಳು. “ನೀನು ಕೇಳಿದೆ ಅಂತ ಸಿಟ್ಟಿಲ್ಲ. ನನಗೆ ಇಲ್ಲ ಅನ್ಲಿಕ್ಕೆ ಬಾಯಿ ಬರಲಿಲ್ಲ, ಅದಕ್ಕೇ ನನ್ನ ಮೇಲೇ ಸಿಟ್ಟು” ಅಂದಳು. ಆ ಮಾತಿಗೆ ನಾನು ಏನು ಹೇಳಿದೆ ಎಂಬುದು ಈಗ ನೆನಪಿಲ್ಲ. ಹುಕ್ಕು ಹಾಕುತ್ತಿದ್ದೆ ಎಂಬುದು ನೆನಪಿದೆ. ಆ ಆರು ಸಂಜೆಗಳನ್ನು ಪಟ್ಟಿಯಲ್ಲಿ ಬರೆಯಲಿಲ್ಲ.

ಮುಯ್ಯಿ ಎಂಬ ನಮ್ಮ ಶಬ್ದಕ್ಕೆ ಎರಡು ಮುಖ. ಮದುವೆ ಮನೆಯಲ್ಲಿ ಓದಿಸಿದ ಉಡುಗೊರೆಯೂ ಮುಯ್ಯಿ, ಅವರ ಮನೆಯ ಮದುವೆಗೆ ನಾವು ಮರಳಿ ಕೊಡಬೇಕು. ಸೇಡೂ ಮುಯ್ಯಿಯೇ. ಮುಯ್ಯಿ ತೀರಿಸಿಕೊಂಡ ಅಂದರೆ ಯಾರಿಗೂ ಒಳ್ಳೆಯದು ನೆನಪಾಗುವುದಿಲ್ಲ. ಎರಡರಲ್ಲೂ ಇರುವುದು ಬಾಕಿ. ಬಾಕಿಯನ್ನು ಪೂರ್ತಿ ತೀರಿಸಿಬಿಟ್ಟರೆ ಆಮೇಲೆ ಆ ಮನೆಗೆ ಹೋಗಲು ಕಾರಣವೇ ಇಲ್ಲ. ನಾನು ‘ಚುಕ್ತಾ’ ಎಂದು ಬರೆದಾಗ ಮಾಡಿದ್ದು ಅದನ್ನೇ. ಈಗ ಹಾಗೆ ಬರೆಯುವುದಿಲ್ಲ. ಯಾರಾದರೊಬ್ಬರ ಕಡೆ ಒಂದೆರಡು ತಾಸು ಉಳಿದೇ ಇರುತ್ತದೆ, ಇರಲಿ ಎಂದೇ ಬಿಡುತ್ತೇನೆ. ಬರೆಯುವುದನ್ನೇ ಬಿಡಬಹುದಲ್ಲ ಎಂದು ನಮ್ಮವರು ಹೇಳುತ್ತಾರೆ. ಬಿಡುವುದಿಲ್ಲ. ಬರೆಯದಿದ್ದರೆ ಬಾಯಿ ಸಣ್ಣವರ ತಾಸು ಮರೆತುಹೋಗುತ್ತದೆ, ಬಾಯಿ ದೊಡ್ಡವರದು ಮಾತ್ರ ಎಲ್ಲರಿಗೂ ನೆನಪಿರುತ್ತದೆ.

ಹಳೆಯ ಕಾಲ ಎಲ್ಲ ಚೆನ್ನಾಗಿತ್ತು ಎಂದು ಯಾರಾದರೂ ಇದನ್ನು ಓದಿ ತಿಳಿಯಬಾರದು. ನಮ್ಮ ಕಡೆ ಮುಯ್ಯಾಳು ನಡೆದದ್ದು ತೋಟ ಇದ್ದವರ ನಡುವೆ. ಕೊನೆಗೌಡನಿಗೆ ಕೂಲಿ. ಅಡಿಕೆ ಸುಲಿಯಲು ಹಗಲು ಬರುತ್ತಿದ್ದ ಹೆಂಗಸರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ, ಅವರು ಅಂಗಳದ ಇನ್ನೊಂದು ಬದಿ ಕೂರುತ್ತಿದ್ದರು. ಅವರ ಮನೆಯ ಮಾಡು ಹೊದಿಸುವ ದಿನ ಅಪ್ಪ ಹೋದದ್ದನ್ನು ನಾನು ನೋಡಲಿಲ್ಲ. ಮುಯ್ಯಿ ಎಂದರೆ ಸಮಾನರ ನಡುವಿನ ಮಾತು, ಸಮಾನರು ಯಾರು ಎಂಬುದನ್ನು ಮೊದಲೇ ತೀರ್ಮಾನಿಸಿ ಆಗಿತ್ತು. ಇನ್ನು ಅಮ್ಮ. ಹನ್ನೆರಡು ಮಂದಿಗೆ ಅವಲಕ್ಕಿ, ಊಟ, ಹನ್ನೊಂದು ಗಂಟೆಯ ಕಷಾಯ ಅವಳ ಕೈಯದು. ಅಪ್ಪ ಆ ಮನೆಗೆ ಹೋಗಿ ಮುಯ್ಯಿ ತೀರಿಸಿ ಬರುತ್ತಿದ್ದ. ಅಮ್ಮನ ದಿನಕ್ಕೆ ಯಾವ ಮನೆಯಿಂದಲೂ ಯಾರೂ ಬಂದು ಒಲೆಯ ಮುಂದೆ ಕೂರಲಿಲ್ಲ.

ಅದಕ್ಕೇ ನಮ್ಮ ಪಟ್ಟಿಯಲ್ಲಿ ಊಟ ಮಾಡಿಸಿದ್ದನ್ನೂ ಬರೆಯುತ್ತೇವೆ. ಪಾತ್ರೆ ತೊಳೆಯಲು ಬರುವ ಅಕ್ಕನನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಿಲ್ಲ. ಅವಳಿಗೆ ತಿಂಗಳ ಮೊದಲ ದಿನ ಕೈಯಲ್ಲಿ ದುಡ್ಡು ಬೇಕು. ರೇಶನ್ ಅಂಗಡಿಯವನು, ಮನೆ ಬಾಡಿಗೆಯವನು ತಾಸು ತೆಗೆದುಕೊಳ್ಳುವುದಿಲ್ಲ. ಅವಳ ಮಗನ ಅರ್ಜಿ ತುಂಬಿಕೊಟ್ಟು ಅದನ್ನು ಪಗಾರಿನಲ್ಲಿ ಹಿಡಿದರೆ ಅದು ಮುಯ್ಯಿಯಲ್ಲ, ಅನ್ಯಾಯ. ಅರ್ಜಿಯನ್ನು ಸುಮ್ಮನೆ ತುಂಬಿಕೊಡುತ್ತೇನೆ.

ಬೋಟಿನವನಿಗೆ ಈ ಪಟ್ಟಿಯ ಬಗ್ಗೆ ಮೊದಲಿನಿಂದಲೂ ಅಷ್ಟು ಒಪ್ಪಿಗೆಯಿಲ್ಲ. ಅವನ ಅಜ್ಜ ರಂಪಣಿಯ ಕಾಲದವನು. ದೋಣಿಯಲ್ಲಿ ಉದ್ದನೆಯ ಬಲೆ ಒಯ್ದು ಮೀನಿನ ಹಿಂಡು ಸುತ್ತಿ, ಎರಡು ತುದಿಯ ಹಗ್ಗ ದಡಕ್ಕೆ ತಂದು, ಹತ್ತಾರು ಮಂದಿ ಎರಡು ಸಾಲಾಗಿ ನಿಂತು ಎಳೆಯುವುದು. ಬಲೆಗೆ ಒಂದು ಪಾಲು, ದೋಣಿಗೆ ಒಂದು ಪಾಲು, ಹಗ್ಗಕ್ಕೆ ಕೈ ಹಾಕಿದವನಿಗೂ ಪಾಲು. “ಹಗ್ಗ ಹಿಡಿದವ ಯಾರು ಅಂತ ಯಾರೂ ಬರ್ಕೊಳ್ತಿರ್ಲಿಲ್ಲ ಅತ್ತಿಗೆ” ಎನ್ನುತ್ತಾನೆ. ಎಪ್ಪತ್ತರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು ಹಿಂಡನ್ನು ಆಳದಲ್ಲೇ ಸುತ್ತಿ ಎತ್ತತೊಡಗಿದ ಮೇಲೆ ದಡಕ್ಕೆ ಮೀನು ಬರುವುದು ಕಡಿಮೆಯಾಯಿತು, ರಂಪಣಿ ಸೊರಗಿತು. ಅವನಿಗೆ ಅದನ್ನು ಹೇಳುವಾಗ ದನಿ ಬೇರೆಯಾಗುತ್ತದೆ.

ದುಡ್ಡು ಉಳಿಯಿತಾ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಒಂದು ವರ್ಷ ಪೇಟೆಯ ದರದಲ್ಲಿ ಗುಣಿಸಿ ನೋಡಿದೆ. ಮಗನ ಗಣಿತಕ್ಕೆ ಹತ್ತು ತಿಂಗಳು, 8,000 ರೂಪಾಯಿ. ಹೊಲಿಗೆ, ಫಾಲ್–ಪಿಕೋ ಸೇರಿ 5,200. ವಿದ್ಯುತ್ ಕೆಲಸ 3,500. ಹೆಂಚು, ಪಂಪು 2,700. ಒಟ್ಟು 19,400. ನಮ್ಮಂಥ ಮನೆಗೆ ಇದು ಸಣ್ಣ ಮೊತ್ತವಲ್ಲ. ಆ ವರ್ಷ ಮಗನ ಪಿಯುಸಿಗೆಂದು ಅಂಚೆ ಕಚೇರಿಯಲ್ಲಿ ಆರ್‌ಡಿ ಶುರು ಮಾಡಿದ್ದು ಈ ಉಳಿತಾಯದಿಂದ. ನನ್ನ ವೃತ್ತಿಯ ಕಾರಣಕ್ಕೆ ಒಂದು ಮಾತು ಹೇಳಲೇಬೇಕು: ಗೆಳೆಯರ ನಡುವೆ ಮನೆಮಟ್ಟಿಗೆ ನಡೆಯುವುದು ಬೇರೆ, ಅಂಗಡಿಗೂ ಅಂಗಡಿಗೂ ವ್ಯಾಪಾರವಾಗಿ ನಡೆಯುವ ಅದಲುಬದಲು ಬೇರೆ. 2017ರ ಜಿಎಸ್‌ಟಿ ಕಾಯ್ದೆ ವ್ಯಾಪಾರದಲ್ಲಿನ ವಿನಿಮಯವನ್ನೂ ಮಾರಾಟದ ಸಾಲಿನಲ್ಲೇ ಎಣಿಸುತ್ತದೆ. ನೋಂದಣಿ ಇರುವವರು ದುಡ್ಡು ಕೈ ಬದಲಾಗಲಿಲ್ಲ ಎಂದು ಬಿಲ್ಲು ಬಿಡುವಂತಿಲ್ಲ.

ಆದರೆ ಪೇಟೆಯ ದರವೇ ಇಲ್ಲದ ಸಾಲುಗಳೂ ಪಟ್ಟಿಯಲ್ಲಿವೆ. ಹಿಂದಿನ ಮಳೆಗಾಲದಲ್ಲಿ ಅತ್ತೆಗೆ ಎದೆನೋವು ಬಂತು. ದೊಡ್ಡ ಚಿಕಿತ್ಸೆಗೆ ನಮ್ಮ ಜಿಲ್ಲೆಯವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾಕ್ಕೆ ಓಡಬೇಕು. ಒಳ್ಳೆಯ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ನಾವು ಮಣಿಪಾಲಕ್ಕೆ ಹೋದೆವು. ಒಂಬತ್ತು ದಿನ. ನಮ್ಮವರಿಗೆ ನಾಲ್ಕು ದಿನಕ್ಕಿಂತ ರಜೆ ಸಿಗಲಿಲ್ಲ, ನನಗೆ 20ನೇ ತಾರೀಖು ಎದುರಿಗಿತ್ತು. ಜುಲೈ ತಿಂಗಳು, ಬೋಟು ಕಟ್ಟಿ ಹಾಕಿತ್ತು. ಅವನು ಒಂದು ಚೀಲದಲ್ಲಿ ಲುಂಗಿ, ಟವೆಲು ಹಾಕಿಕೊಂಡು ಬಸ್ಸಿನಲ್ಲಿ ಬಂದ. “ನೀವು ಹೋಗಿ ಅತ್ತಿಗೆ, ರಾತ್ರಿ ನಾನಿರ್ತೆ” ಅಂದ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಎರಡು ರಾತ್ರಿ ಕೂತ. ಕಡಲಿನಲ್ಲಿ ರಾತ್ರಿ ಎಚ್ಚರ ಇದ್ದು ಅಭ್ಯಾಸ ಎಂದ. ಹೊಲಿಗೆಯವಳು ಮನೆಯಲ್ಲಿ ಮಗನಿಗೆ ಅನ್ನ ಮಾಡಿ ಹಾಕಿದಳು, ಆಷಾಢವಾಗಿತ್ತು. ಅಕ್ಕೋರು ರಾತ್ರಿ ನಮ್ಮ ಮನೆಯಲ್ಲೇ ಮಲಗಿದರು.

ಆ ಎರಡು ರಾತ್ರಿಯನ್ನು ಬರೆಯುವಾಗ ಎದುರು ಬದಿಯಲ್ಲಿ ಏನು ಬರೆಯಬೇಕೆಂದು ತಿಳಿಯಲಿಲ್ಲ. ಒಂದು ವರ್ಷವಾಯಿತು, ಆ ಜಾಗ ಖಾಲಿಯೇ ಇದೆ. ಅವನ ಮಗಳು ಈ ಸಲ ಕಾಲೇಜು ಸೇರಿದ್ದಾಳೆ, ಹಾಸ್ಟೆಲಿನ ಅರ್ಜಿ ನೋಡಿಕೊಟ್ಟೆ. ಅದನ್ನು ಬೇರೆ ಸಾಲಿನಲ್ಲೇ ಬರೆದಿದ್ದೇನೆ. ಆಗಸ್ಟ್ 1ಕ್ಕೆ ಬೋಟುಗಳು ಇಳಿದವು. ಮೊದಲ ವಾರದ ಮೀನು ಅವನ ಹೆಂಡತಿಯ ಕೈಯಲ್ಲಿ ನಮ್ಮ ಪಕ್ಕದ ಮನೆಗೆ ಬಂತು. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲವೆಂದು ಅವಳಿಗೆ ಗೊತ್ತು, ನಮಗೆ ಒಂದು ಹೆಡಿಗೆ ಎಳೆ ಸೌತೆಕಾಯಿ ಕೊಟ್ಟು ಹೋದಳು. ಅಮ್ಮ ಘಟ್ಟದ ಮೇಲಿನಿಂದ ಕಳಿಸಿದ ಅಪ್ಪೆಮಿಡಿ, ಸಾಣಿಕಟ್ಟೆಯ ಹರಳುಪ್ಪಿನಲ್ಲಿ ಹಾಕಿಟ್ಟದ್ದು, ಒಂದು ಭರಣಿ ಅವಳ ಪಾಲಿನದು ತೆಗೆದಿಟ್ಟಿದ್ದೆ, ಕೊಟ್ಟೆ.

ಚವತಿಗೆ ಇನ್ನು ಮೂರು ವಾರ. ನಾಳೆ 20ನೇ ತಾರೀಖು, ಎರಡು ಅಂಗಡಿಯ ರಿಟರ್ನ್ ಬಾಕಿ ಇದೆ. ಮಧ್ಯಾಹ್ನದೊಳಗೆ ಮುಗಿಸಿದರೆ ಆರು ಗಂಟೆಗೆ ಹೊಲಿಗೆ ಅಂಗಡಿಯ ಸ್ಟೂಲಿನ ಮೇಲೆ ಕೂರಬಹುದು. ಹನ್ನೊಂದು ರವಿಕೆ ಆಗಲೇ ರಾಶಿ ಬಿದ್ದಿವೆಯಂತೆ, ಬರುವಾಗ ಕರಿಹುಕ್ಕಿನ ಎರಡು ಪ್ಯಾಕೆಟ್ ತಾ ಎಂದು ಈಗಷ್ಟೇ ಫೋನು ಮಾಡಿದ್ದಳು.